ಮೆದು ಮರದ ದೀರ್ಘಾಯುಷ್ಯ

ಮನೆ ಕಟ್ಟುವ ಮರಗಳಲ್ಲಿಯೂ ನಾವು ಮೇಲುಕೀಳು ಎಣಿಸುತ್ತೇವೆ. ಸಾಗುವಾನಿಗೆ ಅಗ್ರಪೀಠ, ಬೀಟೆ, ಹೊನ್ನೆ, ಹಲಸುಗಳಿಗೆ ಅದರ ಪಕ್ಕದ ಮಣೆ. ಈ ಪಂಕ್ತಿಯಲ್ಲಿ ಪೈನ್ ಮರಕ್ಕೆ ಎಲೆಯನ್ನೇ ಹಾಕುವುದಿಲ್ಲ. ಮುಂಬಯಿ, ಚೆನ್ನೈಗಳಂಥ ಬಂದರಿನ ಊರುಗಳಲ್ಲಿ ಬಾಳುವ ನಮಗೆ ಪೈನ್ ಎಂದರೆ ಹೊರದೇಶಗಳಿಂದ ಯಂತ್ರದ ಬಿಡಿಭಾಗಗಳನ್ನು ತುಂಬಿಕೊಂಡು ಬರುವ ಪೆಟ್ಟಿಗೆಯ ಹಲಗೆ. ಪೆಟ್ಟಿಗೆ ಒಡೆದ ಮೇಲೆ ಅದು ಅಗ್ಗದ ಕಪಾಟಾಗುತ್ತದೆ, ಇಲ್ಲವೆ ಒಲೆಗೆ ಹೋಗುತ್ತದೆ. ಉಗುರಿನಿಂದ ಒತ್ತಿದರೆ ಗುರುತು ಬೀಳುವಷ್ಟು ಮೆದು ಮರ. ಮಳೆಯಲ್ಲಿ ಕೆಲವು ವರ್ಷ ಬಿಟ್ಟರೆ ಕೈಯಲ್ಲಿ ಹಿಟ್ಟಾಗುವ ಮರ.

ಹೀಗಿದ್ದೂ ನಾರ್ವೆ ದೇಶದ ಪಶ್ಚಿಮ ಭಾಗದ ಕಣಿವೆಗಳಲ್ಲಿ ಕೇವಲ ಪೈನ್ ಮರದಿಂದ ಕಟ್ಟಿದ ಇಗರ್ಜಿಗಳು ಎಂಟು ಶತಮಾನಗಳಿಗೂ ಮಿಕ್ಕಿ ಮಳೆ, ಹಿಮ, ಗಾಳಿಗಳನ್ನು ತಾಳಿಕೊಂಡು ನಿಂತಿವೆ. ನಮ್ಮಲ್ಲಿ ಬೇಲೂರಿನ ಚೆನ್ನಕೇಶವ ದೇಗುಲವನ್ನು ಕಲ್ಲಿನಲ್ಲಿ ಕಡೆಯುತ್ತಿದ್ದ ಶತಮಾನದಲ್ಲಿಯೇ ಅಲ್ಲಿಯ ಬಡಗಿಗಳು ಅವುಗಳನ್ನು ಮರದಲ್ಲಿ ನಿಲ್ಲಿಸಿದರು. ಇನ್ನೊಂದು ಕಡೆ, ಅದೇ ಕುಲದ ಮರದಿಂದ ನ್ಯೂಜಿಲೆಂಡಿನಲ್ಲಿ 1990ರ ದಶಕದಲ್ಲಿ, ವಿಜ್ಞಾನದ ಎಲ್ಲ ಸೌಕರ್ಯಗಳೂ ಇದ್ದ ಕಾಲದಲ್ಲಿ, ಕಟ್ಟಿದ ಸಾವಿರಾರು ಮನೆಗಳು ಹತ್ತು ಹದಿನೈದು ವರ್ಷಗಳೊಳಗೆ ಒಳಗಿಂದೊಳಗೆ ಕೊಳೆತುಹೋದವು. ಮರದ ಕುಲ ಒಂದೇ. ಹಾಗಾದರೆ ವ್ಯತ್ಯಾಸ ಎಲ್ಲಿತ್ತು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೊರಟರೆ ಪೈನ್ ಮರದ ಚರಿತ್ರೆಯು ಮನುಷ್ಯನ ಎಚ್ಚರ ಮತ್ತು ಮರೆವುಗಳ ಚರಿತ್ರೆಯಾಗಿ ತೆರೆದುಕೊಳ್ಳುತ್ತದೆ.

ಸರಳ ವೃಕ್ಷ

ಪೈನ್ ನಮಗೆ ಸಂಪೂರ್ಣ ಪರದೇಶಿಯೇನೂ ಅಲ್ಲ. ಹಿಮಾಲಯದ ತಪ್ಪಲಿನಲ್ಲಿ ಬೆಳೆಯುವ ಚೀಡ್ ಅಥವಾ ಚಿರ್ ಪೈನನ್ನು ಸಂಸ್ಕೃತದಲ್ಲಿ ‘ಸರಳ’ ಎಂದು ಕರೆದರು. ನೆಟ್ಟಗೆ ಬೆಳೆಯುವ ಮರಕ್ಕೆ ಒಪ್ಪುವ ಹೆಸರು. ಕಾಳಿದಾಸನ ಕುಮಾರಸಂಭವದ ಮೊದಲ ಸರ್ಗದ ಹಿಮಾಲಯ ವರ್ಣನೆಯಲ್ಲಿ, ಆನೆಗಳು ಕಪೋಲದ ತುರಿಕೆ ತೀರಿಸಿಕೊಳ್ಳಲು ಮೈಯುಜ್ಜಿದಾಗ ಹಾಲು ಸುರಿಸಿ ಬೆಟ್ಟದ ತಪ್ಪಲನ್ನೆಲ್ಲ ಪರಿಮಳಗೊಳಿಸುವ ಮರಗಳು ಇವೇ. ಆ ಹಾಲೇ ರಾಳ. ಬಣ್ಣ ಬಳಿಯುವವರು ಬಳಸುವ ಟರ್ಪಂಟೈನ್ ಬರುವುದು ಅದನ್ನು ಭಟ್ಟಿ ಇಳಿಸಿದಾಗ. ದೆಹಲಿಯ ಕನ್ನಡಿಗರು ಬೇಸಿಗೆಯಲ್ಲಿ ಹಿಮಾಚಲ ಇಲ್ಲವೆ ಕುಮಾಂವು ಬೆಟ್ಟಗಳಿಗೆ ಹೋದಾಗ ರಸ್ತೆಯ ಬದಿಯ ಪೈನ್ ಮರಗಳ ಬುಡದಲ್ಲಿ ಗೀರು ಹಾಕಿ, ಕೆಳಗೆ ಬಟ್ಟಲು ಸಿಕ್ಕಿಸಿರುವುದನ್ನು ನೋಡಿರಬಹುದು. ಅದು ಈ ರಾಳವನ್ನು ಸಂಗ್ರಹಿಸುವ ಕ್ರಮ.

ಗಾಯವಾದಾಗ ಮರವು ತನ್ನ ಮೈ ಕಾಯ್ದುಕೊಳ್ಳಲು ಸುರಿಸುವ ಮದ್ದು ರಾಳ. ಪೈನ್ ಮರದ ಬಾಳಿಕೆಯ ಮೊದಲ ಗುಟ್ಟು ಇಲ್ಲಿಯೇ ಇದೆ. ಪೈನ್ ಮರದ ಕಾಂಡವನ್ನು ಅಡ್ಡಲಾಗಿ ಕೊಯ್ದರೆ ಹೊರಗೆ ತಿಳಿಬಣ್ಣದ ಪದರ, ಒಳಗೆ ಗಾಢಬಣ್ಣದ ಕೆಚ್ಚು ಕಾಣುತ್ತದೆ. ಹೊರಪದರದಲ್ಲಿ ನೀರು, ಸಕ್ಕರೆ, ಪಿಷ್ಟಗಳು ಓಡಾಡುತ್ತವೆ. ಬೂಷ್ಟಿಗೂ ಹುಳಕ್ಕೂ ಅದು ಹಬ್ಬದೂಟ. ಒಳಗಿನ ಕೆಚ್ಚು ಜೀವಕಾರ್ಯ ಮುಗಿಸಿ ನಿಂತ ಭಾಗ. ಅಲ್ಲಿ ರಾಳವೂ ಬೂಷ್ಟಿಗೆ ವಿಷವಾಗುವ ಕೆಲವು ದ್ರವ್ಯಗಳೂ ಶೇಖರವಾಗಿರುತ್ತವೆ. ಯುರೋಪಿನ ಉತ್ತರದಲ್ಲಿ ಬೆಳೆಯುವ ಸ್ಕಾಟ್ಸ್ ಪೈನ್‌ನಲ್ಲಿ ಕೆಚ್ಚು ಕಟ್ಟುವುದು ಬಹಳ ನಿಧಾನ. ಎಳೆಯ ಮರದಲ್ಲಿ ಅದು ಕಡ್ಡಿಯಷ್ಟು; ಇನ್ನೂರು ಮುನ್ನೂರು ವರ್ಷದ ಮರದಲ್ಲಿ ಹೆಚ್ಚುಪಾಲು ಅದೇ. ಚಳಿಯ ದೇಶದಲ್ಲಿ ಬೆಳವಣಿಗೆ ಕುಂಠಿತವಾದಷ್ಟೂ ವರ್ಷದ ಉಂಗುರಗಳು ಒತ್ತೊತ್ತಾಗಿ, ಮರ ಗಟ್ಟಿಯಾಗುತ್ತದೆ. ಇಂಥ ಮುದಿ ಪೈನನ್ನು ನಾರ್ವೆಯ ಬಡಗಿಗಳು ‘ಮಾಲ್ಮ್‌ಫುರು’ ಎಂದು ಬೇರೆ ಹೆಸರಿಟ್ಟೇ ಕರೆದರು. ಅದಿರಿನಂಥ ಪೈನ್ ಎಂದು ಅದರ ಅರ್ಥ.

ನೆಲದಿಂದ ಮೇಲೆದ್ದ ಕಂಬ

ನಾರ್ವೆಯಲ್ಲಿ ಕ್ರೈಸ್ತಮತ ನೆಲೆಯೂರಿದ್ದು ಹನ್ನೊಂದನೆಯ ಶತಮಾನದಲ್ಲಿ. ಆಗ ಕಟ್ಟಿದ ಮೊದಲ ಇಗರ್ಜಿಗಳಲ್ಲಿ ಕಂಬಗಳನ್ನು ನೆಲದಲ್ಲಿ ಗುಂಡಿ ತೋಡಿ ಹೂಳುತ್ತಿದ್ದರು. ನಾವು ಚಪ್ಪರದ ಕಂಬ ನೆಡುವ ಹಾಗೆ. ಮಣ್ಣಿನ ತೇವಕ್ಕೆ ಕಂಬದ ಬುಡ ಕೊಳೆಯುತ್ತಿತ್ತು. ಇಂಥ ಇಗರ್ಜಿಗಳಲ್ಲಿ ಒಂದೂ ಇಂದು ಉಳಿದಿಲ್ಲ. ಉತ್ಖನನ ಮಾಡಿದಾಗ ಈಗಿರುವ ಕಟ್ಟಡಗಳ ಕೆಳಗೆ ಕಂಬದ ಗುಂಡಿಗಳ ಗುರುತುಗಳಷ್ಟೇ ಸಿಕ್ಕಿವೆ.

ಈ ಅನುಭವದಿಂದ ಬಡಗಿಗಳು ಪಾಠ ಕಲಿತರು. ನೆಲದ ಮೇಲೆ ಕಲ್ಲುಗಳನ್ನಿಟ್ಟು, ಅವುಗಳ ಮೇಲೆ ದಪ್ಪ ತೊಲೆಗಳ ಚೌಕಟ್ಟನ್ನು ಮಲಗಿಸಿ, ಕಂಬಗಳನ್ನು ಆ ತೊಲೆಗಳ ಮೇಲೆ ನಿಲ್ಲಿಸಿದರು. ಮರಕ್ಕೂ ಮಣ್ಣಿಗೂ ಸಂಬಂಧ ಕಡಿಯಿತು. ನೋಡಲು ಸಣ್ಣ ಬದಲಾವಣೆ. ಆದರೆ ಕಟ್ಟಡದ ಆಯುಸ್ಸನ್ನು ಒಂದೆರಡು ತಲೆಮಾರಿನಿಂದ ಎಂಟು ಶತಮಾನಕ್ಕೆ ಏರಿಸಿದ್ದು ಇದೇ. ‘ಸ್ಟಾವ್’ ಎಂದರೆ ಅಲ್ಲಿಯ ಭಾಷೆಯಲ್ಲಿ ಕಂಬ. ಆದ್ದರಿಂದ ಇವುಗಳಿಗೆ ಸ್ಟಾವ್ ಇಗರ್ಜಿ, ಅಂದರೆ ಕಂಬದ ಇಗರ್ಜಿ ಎಂದು ಹೆಸರಾಯಿತು.

ಇವುಗಳ ರಚನಾಕ್ರಮವನ್ನು ಬಲ್ಲ ಯಾರಿಗೂ ಹಡಗಿನ ನೆನಪು ಬಾರದಿರದು. ಕಂಬದಿಂದ ಕಂಬಕ್ಕೆ ಗುಣಾಕಾರದ ಗುರುತಿನಂತೆ ಅಡ್ಡಪಟ್ಟಿಗಳು. ಮೂಲೆಗಳಲ್ಲಿ ಮೊಣಕಾಲಿನಂತೆ ಬಾಗಿದ ಆಧಾರದ ತುಂಡುಗಳು. ಈ ಬಾಗಿದ ತುಂಡುಗಳನ್ನು ನೇರ ಮರದಿಂದ ಕೊಯ್ದು ಮಾಡಿದ್ದಲ್ಲ. ಕಾಂಡವು ಬೇರಿಗೆ ಸೇರುವ ಕಡೆ ಮರ ತಾನಾಗಿ ಬಾಗಿರುತ್ತದೆಯಷ್ಟೆ. ಆ ಬಾಗನ್ನೇ ಹುಡುಕಿ ಬಳಸಿದರು. ನಾರು ತುಂಡಾಗದ್ದರಿಂದ ಬಲ ಕುಗ್ಗಲಿಲ್ಲ. ಗೋಡೆಯ ಹಲಗೆಗಳನ್ನು ಲಂಬವಾಗಿ ನಿಲ್ಲಿಸಿ, ಒಂದರ ಅಂಚಿನ ನಾಲಗೆ ಇನ್ನೊಂದರ ಗಾಡಿಯಲ್ಲಿ ಕೂರುವಂತೆ ಜೋಡಿಸಿದರು. ಬಂಧಗಳಿಗೆ ಹೆಚ್ಚಾಗಿ ಮರದ ಗೂಟಗಳನ್ನೇ ಹೊಡೆದರು. ಗಾಳಿ ಬೀಸಿದಾಗ ಇಡೀ ಕಟ್ಟಡ ನರಳುತ್ತದೆ, ಕೊಂಚ ಅಲುಗುತ್ತದೆ, ಮತ್ತೆ ತನ್ನ ಜಾಗದಲ್ಲಿ ನಿಲ್ಲುತ್ತದೆ.

ಇವುಗಳಲ್ಲಿ ಪ್ರಾಚೀನವೆನಿಸಿದ್ದು ಸೋಗ್ನ್ ಪ್ರಾಂತದ ಉರ್ನೆಸ್ ಇಗರ್ಜಿ. ಈಗಿನ ಕಟ್ಟಡ ಸುಮಾರು 1130ರದು. ಅದರ ಉತ್ತರ ಗೋಡೆಯಲ್ಲಿ ಅದಕ್ಕಿಂತ ಹಳೆಯ, ಸುಮಾರು 1070ರ ಇಗರ್ಜಿಯ ಬಾಗಿಲುವಾಡ ಮತ್ತು ಹಲಗೆಗಳನ್ನು ಮರಳಿ ಬಳಸಿದ್ದಾರೆ. ಒಂದಕ್ಕೊಂದು ಸುತ್ತಿಕೊಂಡ ಹಾವುಗಳು, ಅವುಗಳನ್ನು ಕಚ್ಚುತ್ತಿರುವ ನಾಲ್ಕು ಕಾಲಿನ ಮೃಗ — ಆ ಕೆತ್ತನೆ ಎಷ್ಟು ಪ್ರಸಿದ್ಧವೆಂದರೆ ವೈಕಿಂಗ್ ಕಾಲದ ಕೊನೆಯ ಕಲಾಶೈಲಿಗೆ ಉರ್ನೆಸ್ ಶೈಲಿಯೆಂದೇ ಹೆಸರು. ಯುನೆಸ್ಕೊ 1979ರಲ್ಲಿ ಈ ಇಗರ್ಜಿಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಬೋರ್ಗುಂಡ್ ಇಗರ್ಜಿಯ ಮರಗಳನ್ನು ಕಡಿದದ್ದು 1180–81ರ ಚಳಿಗಾಲದಲ್ಲಿ ಎಂದು ಉಂಗುರಗಳ ಪರೀಕ್ಷೆಯಿಂದ ಗೊತ್ತಾಗಿದೆ. ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವ ಅದರ ಮಾಡುಗಳ ತುದಿಯಲ್ಲಿ ಬಾಯಿ ತೆರೆದ ಡ್ರ್ಯಾಗನ್ ತಲೆಗಳಿವೆ. ಮಾಡಿಗೆ ಹೊದಿಸಿದ್ದು ಹೆಂಚಲ್ಲ, ಮೀನಿನ ಹುರುಪೆಯಂತೆ ಒಂದರ ಮೇಲೊಂದು ಕೂರುವ ಪೈನ್ ಮರದ ಚಕ್ಕೆಗಳು.

ಮರಕ್ಕೆ ಮರದ್ದೇ ಮದ್ದು

ಒಳ್ಳೆಯ ಕೆಚ್ಚು, ಒಣಗಿದ ಬುಡ — ಇವೆರಡೇ ಸಾಲದು. ಹೊರಮೈ ಸದಾ ಮಳೆಗೆ ಒಡ್ಡಿದ್ದು. ಅದಕ್ಕೆ ಅವರು ಕಂಡುಕೊಂಡ ಉಪಾಯ ಡಾಂಬರು. ರಸ್ತೆಗೆ ಸುರಿಯುವ ಡಾಂಬರಲ್ಲ, ಪೈನ್ ಮರದಿಂದಲೇ ಇಳಿಸಿದ ಮರದ ಡಾಂಬರು.

ಅದನ್ನು ಇಳಿಸುವ ಕ್ರಮ ನಮ್ಮ ಇದ್ದಿಲು ಸುಡುವವರಿಗೆ ಪರಿಚಿತವೆನಿಸೀತು. ಇಳಿಜಾರು ನೆಲದಲ್ಲಿ ಲಾಳಿಕೆಯಾಕಾರದ ಗುಂಡಿ ತೋಡಿ, ರಾಳ ತುಂಬಿದ ಹಳೆಯ ಪೈನ್ ಬುಡಗಳನ್ನೂ ಬೇರುಗಳನ್ನೂ ಸಿಗಿದು ಒತ್ತಾಗಿ ಜೋಡಿಸಿ, ಮೇಲೆ ಹುಲ್ಲುಹೆಂಟೆ ಮುಚ್ಚಿ ಬೆಂಕಿ ಕೊಡುತ್ತಾರೆ. ಗಾಳಿ ಸಾಲದೆ ಮರ ಉರಿಯುವುದಿಲ್ಲ, ಹೊಗೆಯಾಡುತ್ತ ಬೇಯುತ್ತದೆ. ಕರಗಿದ ರಾಳ ಕಪ್ಪು ದ್ರವವಾಗಿ ಕೆಳಗೆ ಇಳಿದು, ಗುಂಡಿಯ ತಳದ ಕೊಳವೆಯಿಂದ ಪೀಪಾಯಿಗೆ ಹರಿಯುತ್ತದೆ. ದಿನಗಟ್ಟಲೆ ಹಗಲಿರುಳು ಕಾವಲಿರಬೇಕು. ಎಲ್ಲಿಯಾದರೂ ಬಾಯಿ ಬಿಟ್ಟು ಗಾಳಿ ನುಗ್ಗಿದರೆ ಎಲ್ಲವೂ ಬೂದಿ. ಇಷ್ಟು ಕಷ್ಟದಿಂದ ಬಂದ ಡಾಂಬರನ್ನು ಬಿಸಿಬಿಸಿಯಾಗಿ ಗೋಡೆಗೂ ಮಾಡಿಗೂ ಬಳಿಯುತ್ತಾರೆ. ಬಿಸಿಲು ಹೆಚ್ಚಾಗಿ ಬೀಳುವ ದಕ್ಷಿಣದ ಗೋಡೆಗೆ ಮತ್ತೆ ಮತ್ತೆ ಬಳಿಯಬೇಕು. ಬಿಟ್ಟರೆ ಕೆಲವೇ ವರ್ಷಗಳಲ್ಲಿ ತೊಳೆದುಹೋಗುತ್ತದೆ. ನಮ್ಮ ಕರಾವಳಿಯಲ್ಲಿ ದೋಣಿಗೂ ಮನೆಯ ಮರಮಟ್ಟಿಗೂ ಗೇರೆಣ್ಣೆ ಹಚ್ಚುತ್ತಿದ್ದ ರೂಢಿಯನ್ನು ಬಲ್ಲವರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ನೋಡಿದರೆ ಬೋರ್ಗುಂಡ್ ಇಗರ್ಜಿಯನ್ನು ಒಮ್ಮೆ ಕಟ್ಟಿ ಮುಗಿಸಿದ ಕಟ್ಟಡವೆನ್ನುವಂತಿಲ್ಲ. ಅದನ್ನು ಎಂಟು ಶತಮಾನಗಳಿಂದಲೂ ಕಟ್ಟುತ್ತಲೇ ಇದ್ದಾರೆ. ಚಕ್ಕೆ ಹೋದಲ್ಲಿ ಹೊಸ ಚಕ್ಕೆ, ಬಣ್ಣ ಮಾಸಿದಲ್ಲಿ ಹೊಸ ಡಾಂಬರು. ಮರಕ್ಕೆ ಆಯುಸ್ಸು ಕೊಟ್ಟದ್ದು ಈ ಪಾಳಿ ತಪ್ಪದ ಆರೈಕೆ.

ಸಾವಿರದಿಂದ ಇಪ್ಪತ್ತೆಂಟಕ್ಕೆ

ಪಾಳಿ ತಪ್ಪಿದಾಗ ಏನಾಯಿತೆಂಬುದನ್ನೂ ಅದೇ ದೇಶ ತೋರಿಸಿಕೊಟ್ಟಿದೆ. ಮಧ್ಯಯುಗದಲ್ಲಿ ನಾರ್ವೆಯಲ್ಲಿ ಇಂಥ ಇಗರ್ಜಿಗಳು ಸಾವಿರಕ್ಕೂ ಹೆಚ್ಚು ಇದ್ದುವೆಂದು ವಿದ್ವಾಂಸರ ಅಂದಾಜು. ಇಂದು ಉಳಿದಿರುವುದು 28.

1349ರಲ್ಲಿ ಬಂದ ಮಹಾಮಾರಿ ಪ್ಲೇಗಿನಲ್ಲಿ ದೇಶದ ಜನಸಂಖ್ಯೆ ಅರ್ಧದಷ್ಟು ಅಳಿಯಿತು. ಊರುಗಳು ಬರಿದಾದವು, ಇಗರ್ಜಿಗಳಿಗೆ ಡಾಂಬರು ಬಳಿಯುವ ಕೈಗಳೇ ಇಲ್ಲವಾದವು. ಇದು ವಿಧಿಯ ಹೊಡೆತ. ಆದರೆ ಅದನ್ನು ದಾಟಿ ಉಳಿದುಕೊಂಡವುಗಳಿಗೆ ಹೊಡೆತ ಬಿದ್ದದ್ದು ಹತ್ತೊಂಬತ್ತನೆಯ ಶತಮಾನದ ಅಭ್ಯುದಯದಿಂದ. ಜನಸಂಖ್ಯೆ ಏರಿತು, ಹಳೆಯ ಇಗರ್ಜಿಗಳು ಇಕ್ಕಟ್ಟೆನಿಸಿದವು. ಪ್ರತಿಯೊಂದು ಇಗರ್ಜಿಯಲ್ಲಿಯೂ ಆ ಊರಿನ ಜನಸಂಖ್ಯೆಯ ಹತ್ತರಲ್ಲಿ ಮೂರು ಪಾಲು ಜನರಿಗೆ ಸ್ಥಳವಿರಬೇಕೆಂದು 1851ರಲ್ಲಿ ಕಾನೂನು ಬಂತು. ಅನುಕೂಲಕ್ಕಾಗಿ ಮಾಡಿದ ಕಾನೂನು, ಯಾರಿಗೂ ದುರುದ್ದೇಶವಿರಲಿಲ್ಲ. ಆದರೂ ಆರು ನೂರು, ಏಳು ನೂರು ವರ್ಷದ ಕಟ್ಟಡಗಳನ್ನು ಕೆಡವಿ ಅವುಗಳ ಮರವನ್ನು ಮಾರಿದರು.

ಆ ಹೊತ್ತಿಗೆ ಇವುಗಳ ಬೆಲೆಯನ್ನು ಕಂಡವನು ಜರ್ಮನಿಯ ಡ್ರೆಸ್ಡೆನ್ನಿನಲ್ಲಿ ಪ್ರಾಧ್ಯಾಪಕನಾಗಿದ್ದ ನಾರ್ವೆಯ ಚಿತ್ರಕಾರ ಜೆ. ಸಿ. ಡಾಲ್. ಊರು ಬಿಟ್ಟು ದೂರದಲ್ಲಿದ್ದವನಿಗೆ ಊರಿನ ಸೊತ್ತು ಕಣ್ಣಿಗೆ ಬಿದ್ದದ್ದು ನಮ್ಮಂಥ ಹೊರನಾಡಿಗರಿಗೆ ಆಶ್ಚರ್ಯದ ಸಂಗತಿಯಲ್ಲ. 1837ರಲ್ಲಿ ಅವನು ಈ ಇಗರ್ಜಿಗಳ ಕುರಿತು ಚಿತ್ರಸಹಿತ ಗ್ರಂಥವನ್ನು ಹೊರತಂದ. ವಾಂಗ್ ಎಂಬ ಊರಿನ ಇಗರ್ಜಿಯನ್ನು 1841ರಲ್ಲಿ ಹರಾಜಿಗಿಟ್ಟಾಗ, ಊರವರ ಮನವೊಲಿಸಲಾಗದೆ, ಪ್ರಷ್ಯದ ಅರಸ ನಾಲ್ಕನೆಯ ಫ್ರೆಡರಿಕ್ ವಿಲಿಯಮ್‌ನ ನೆರವಿನಿಂದ ಅದನ್ನು ಕೊಂಡು, ಬಿಚ್ಚಿ, ಹಡಗಿನಲ್ಲಿ ಜರ್ಮನಿಗೆ ಸಾಗಿಸಿದರು. 1844ರಲ್ಲಿ ಅದು ಸೈಲೀಷಿಯದ ಬೆಟ್ಟವೊಂದರ ಮೇಲೆ ಮತ್ತೆ ಎದ್ದು ನಿಂತಿತು. ಆ ಊರು ಈಗ ಪೋಲೆಂಡಿಗೆ ಸೇರಿದ ಕಾರ್ಪಾಚ್. ನಾರ್ವೆಯ ಇಗರ್ಜಿ ಉಳಿಯಿತು. ಆದರೆ ನಾರ್ವೆಯಲ್ಲಿ ಅಲ್ಲ.

ಅದೇ 1844ರಲ್ಲಿ ಪ್ರಾಚೀನ ಸ್ಮಾರಕಗಳ ರಕ್ಷಣೆಗಾಗಿ ನಾರ್ವೆಯಲ್ಲಿ ಒಂದು ಸಂಘ ಹುಟ್ಟಿತು. ಡಾಲ್ ಅದರ ಪ್ರೇರಕರಲ್ಲಿ ಒಬ್ಬ. ಸರಕಾರದ ಕೈ ನೋಡದೆ ವಂತಿಗೆ ಎತ್ತಿ, ಕೆಡವಲು ಹೊರಟ ಇಗರ್ಜಿಗಳನ್ನು ಒಂದೊಂದಾಗಿ ಕೊಂಡು ಉಳಿಸುವ ಕೆಲಸವನ್ನು ಈ ಸಂಘ ಕೈಗೊಂಡಿತು. ಬೋರ್ಗುಂಡ್ ಅದರ ಕೈಗೆ ಬಂದದ್ದು 1877ರಲ್ಲಿ. ಗೋಲ್ ಎಂಬ ಊರಿನ ಇಗರ್ಜಿಯನ್ನು 1880ರ ದಶಕದಲ್ಲಿ ಬಿಚ್ಚಿ ಓಸ್ಲೊ ಬಳಿಯ ಬಿಗ್ಡೊಯ್‌ನಲ್ಲಿ ನಿಲ್ಲಿಸಿದರು. ಅಲ್ಲಿ ಎರಡನೆಯ ಆಸ್ಕರ್ ದೊರೆ ಹಳೆಯ ಮರದ ಕಟ್ಟಡಗಳನ್ನು ಒಂದೆಡೆ ಸೇರಿಸುತ್ತಿದ್ದ. ಲೋಕದ ಮೊದಲ ಬಯಲು ವಸ್ತುಸಂಗ್ರಹಾಲಯಗಳಲ್ಲಿ ಅದೂ ಒಂದು.

ನಗರಗಳ ಅಡಿಪಾಯ

ತನ್ನ ನಾಡಿನಲ್ಲಿ ಇಗರ್ಜಿಯಾದ ಮರವೇ ಪರನಾಡಿನಲ್ಲಿ ನಗರವಾಯಿತು. 1666ರ ಮಹಾ ಅಗ್ನಿಯಲ್ಲಿ ಲಂಡನ್ನಿನ 13,000ಕ್ಕೂ ಹೆಚ್ಚು ಮನೆಗಳು ಸುಟ್ಟುಹೋದವು. ಹೊಸ ಮನೆಗಳ ಹೊರಗೋಡೆ ಇಟ್ಟಿಗೆಯದೋ ಕಲ್ಲಿನದೋ ಆಗಿರಬೇಕೆಂದು ಕಾನೂನಾಯಿತು. ಆದರೆ ಒಳಗಿನ ನೆಲಹಲಗೆ, ತೊಲೆ, ಮಾಡುಗಳಿಗೆ ಮರ ಬೇಕೇ ಬೇಕು. ಅದು ನಾರ್ವೆಯಿಂದ ಹಡಗು ಹಡಗಾಗಿ ಬಂತು. ಲಂಡನ್ನಿನ ಬೆಂಕಿಯಲ್ಲಿ ನಾರ್ವೆಯವರು ಚೆನ್ನಾಗಿ ಮೈ ಕಾಯಿಸಿಕೊಂಡರೆಂಬ ಮಾತು ಹುಟ್ಟಿದ್ದು ಆಗಲೇ.

ಆಮ್‌ಸ್ಟರ್‌ಡಾಮ್ ನಗರ ನಿಂತಿರುವುದು ಕೆಸರಿನ ನೆಲದಲ್ಲಿ. ಉತ್ತರದ ಪೈನ್ ಮತ್ತು ಸ್ಪ್ರೂಸ್ ಕಂಬಗಳನ್ನು ಗಟ್ಟಿ ಮರಳು ಸಿಗುವವರೆಗೆ ಕೆಳಕ್ಕೆ ಬಡಿದು, ಅವುಗಳ ಮೇಲೆ ಮನೆ ಕಟ್ಟಿದರು. 1648ರಲ್ಲಿ ಆರಂಭವಾದ ಅಲ್ಲಿಯ ನಗರಸಭಾ ಭವನದ ಕೆಳಗೆ 13,659 ಕಂಬಗಳಿವೆ. ವರ್ಷದ ದಿನಗಳಾದ 365ರ ಹಿಂದೆ ಒಂದು, ಮುಂದೆ ಒಂಬತ್ತು ಸೇರಿಸಿ ಅಲ್ಲಿಯ ಶಾಲಾಮಕ್ಕಳು ಈ ಸಂಖ್ಯೆಯನ್ನು ನೆನಪಿಡುತ್ತಾರೆ. ನೀರಿನಲ್ಲಿ ಮುಳುಗಿದ ಮರ ಹೇಗೆ ಉಳಿಯಿತು? ಬೂಷ್ಟು ಬೆಳೆಯಬೇಕಾದರೆ ನೀರೂ ಬೇಕು, ಗಾಳಿಯೂ ಬೇಕು. ಪೂರ್ತಿ ಒಣಗಿದ ಮರದಲ್ಲಿ ನೀರಿಲ್ಲ. ಪೂರ್ತಿ ಮುಳುಗಿದ ಮರದಲ್ಲಿ ಗಾಳಿಯಿಲ್ಲ. ಮರಕ್ಕೆ ಆಪತ್ತು ಒದಗುವುದು ಎರಡೂ ಕೂಡುವ ಕಡೆ. ಅಂತರ್ಜಲ ಇಳಿದು ಕಂಬದ ತಲೆ ನೀರಿನಿಂದ ಹೊರಬಂದರೆ ಅಲ್ಲಿಂದ ಕೊಳೆತ ಶುರುವಾಗುತ್ತದೆ. ಅದಲ್ಲದೆ ಪೈನ್ ಕಂಬಗಳ ಹೊರಪದರವನ್ನು ನೀರಿನಲ್ಲಿಯೂ ಬ್ಯಾಕ್ಟೀರಿಯಗಳು ಮೆಲ್ಲಗೆ ತಿನ್ನುತ್ತವೆಂದು ಈಚಿನ ಸಂಶೋಧನೆಗಳು ತಿಳಿಸಿವೆ. ಆದ್ದರಿಂದ ನೆಲದೊಳಗಿನ ನೀರಿನ ಮಟ್ಟವನ್ನು ಕಾಯುವುದೂ ಹಳೆಯ ಕಟ್ಟಡಗಳನ್ನು ಕಾಯುವುದೂ ಅಲ್ಲಿ ಒಂದೇ ಕೆಲಸ.

ದೆಹರಾದೂನಿನ ಕೊಡುಗೆ

ಕೆಚ್ಚು ತುಂಬಿದ ಮುದಿ ಮರಗಳು ಎಲ್ಲ ಕಾಲಕ್ಕೂ ಸಿಗುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ರೈಲ್ವೆಗಳು ಲಕ್ಷಗಟ್ಟಲೆ ಸ್ಲೀಪರುಗಳನ್ನು ಬೇಡಿದಾಗ ಎಳೆಯ ಮರವನ್ನೂ ಬಳಸಬೇಕಾಯಿತು. 1838ರಲ್ಲಿ ಇಂಗ್ಲೆಂಡಿನ ಜಾನ್ ಬೆಥೆಲ್ ಎಂಬಾತ ಮುಚ್ಚಿದ ತೊಟ್ಟಿಯಲ್ಲಿ ಮರವನ್ನಿಟ್ಟು, ಕಲ್ಲಿದ್ದಲಿನಿಂದ ಬಂದ ಕ್ರಿಯೋಸೋಟ್ ಎಣ್ಣೆಯನ್ನು ಒತ್ತಡದಿಂದ ಅದರೊಳಕ್ಕೆ ನುಗ್ಗಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಬೂಷ್ಟಿಗೆ ಸುಲಭವಾಗಿ ತುತ್ತಾಗುವ ಪೈನ್ ಮರದ ಹೊರಪದರವೇ ಮದ್ದನ್ನೂ ಸುಲಭವಾಗಿ ಹೀರಿತು. ದೋಷವೇ ಗುಣವಾಯಿತು.

ಭಾರತದಲ್ಲಿ ಉತ್ತರದ ರೈಲುಹಾದಿಗಳಿಗಾಗಿ ಮೊದಲು ಹಿಮಾಲಯದ ದೇವದಾರುವನ್ನು ಕಡಿದರು. ಅದು ತಾನಾಗಿಯೇ ಬಾಳಿಕೆ ಬರುವ ಮರ; ಆದ್ದರಿಂದಲೇ ಬೇಗ ವಿರಳವಾಯಿತು. ಪಕ್ಕದಲ್ಲಿಯೇ ಹೇರಳವಾಗಿದ್ದ ಚಿರ್ ಪೈನ್ ಸಂಸ್ಕರಣವಿಲ್ಲದೆ ನಿಲ್ಲದು. ಕ್ರಿಯೋಸೋಟ್ ಎಣ್ಣೆಗೆ ವಾಸನೆ, ಜಿಡ್ಡು, ಬಣ್ಣ ಹಿಡಿಯದು, ಮನೆಯೊಳಗಿನ ಬಳಕೆಗೆ ಒಗ್ಗದು. ನೀರಿನಲ್ಲಿ ಕರಗುವ ಲವಣಗಳನ್ನು ತುಂಬಿದರೆ ಮೊದಲ ಮಳೆಗೇ ತೊಳೆದುಹೋಗುತ್ತವೆ.

ಈ ತೊಡಕನ್ನು ಬಿಡಿಸಿದವರು ದೆಹರಾದೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ. 1933ರಲ್ಲಿ ಅವರು ತಾಮ್ರ, ಆರ್ಸೆನಿಕ್ ಲವಣಗಳ ಜತೆಗೆ ಕ್ರೋಮಿಯಮ್ ಲವಣವನ್ನು ಸೇರಿಸಿದರು. ತಾಮ್ರ ಬೂಷ್ಟನ್ನು ತಡೆಯಿತು, ಆರ್ಸೆನಿಕ್ ಗೆದ್ದಲು ಹುಳಗಳನ್ನು ಕೊಂದಿತು. ಕ್ರೋಮಿಯಮ್ ಇವೆರಡನ್ನೂ ಮರದ ನಾರಿಗೆ ಬಿಗಿದು ಮಳೆಗೆ ಕರಗದಂತೆ ಮಾಡಿತು. ‘ಆಸ್ಕು’ ಎಂಬ ಹೆಸರಿನಿಂದ ಹೊರಟ ಈ ಮಿಶ್ರಣ ಅಮೆರಿಕ, ಆಸ್ಟ್ರೇಲಿಯ, ನ್ಯೂಜಿಲೆಂಡುಗಳಿಗೆ ಹಬ್ಬಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆ ದೇಶಗಳ ವಿದ್ಯುತ್ ಕಂಬ, ಬೇಲಿ, ಜಗಲಿಗಳಲ್ಲಿ ಕಾಣುತ್ತಿದ್ದ ಹಸುರು ಛಾಯೆಯ ಪೈನ್ ಮರಕ್ಕೆ ಮೂಲ ನಮ್ಮ ದೆಹರಾದೂನ್. ಇಷ್ಟು ದೊಡ್ಡ ಶೋಧ ಮಾಡಿದವರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಕಾಣುವುದು ಅಪರೂಪ.

ಆದರೆ ಯಾವ ಮದ್ದಿಗೂ ಪಥ್ಯವುಂಟು. ಮಕ್ಕಳು ಆಡುವ ಕಡೆ ಆರ್ಸೆನಿಕ್ ತುಂಬಿದ ಮರ ಬೇಡವೆಂಬ ಕೂಗು ಎದ್ದು, 2003ರ ಕೊನೆಯಿಂದ ಅಮೆರಿಕದಲ್ಲಿ ವಾಸದ ಮನೆಗಳ ಬಳಕೆಗೆ ಅದನ್ನು ನಿಲ್ಲಿಸಿದರು. ಈಗ ಅಲ್ಲಿ ಆರ್ಸೆನಿಕ್ ಇಲ್ಲದ ತಾಮ್ರದ ಮಿಶ್ರಣಗಳು ಬಂದಿವೆ. ಕಬ್ಬಿನ ಸಿಪ್ಪೆಯಂಥ ಕೃಷಿತ್ಯಾಜ್ಯದಿಂದ ತೆಗೆದ ದ್ರವವನ್ನು ಪೈನ್ ಮರದೊಳಗೆ ತುಂಬಿ, ಕಾಯಿಸಿ, ಗಟ್ಟಿ ಮರವಾಗಿಸುವ ಕ್ರಮವನ್ನು ನಾರ್ವೆಯಲ್ಲಿಯೇ ಬಳಕೆಗೆ ತಂದಿದ್ದಾರೆ.

ಎಚ್ಚರ ತಪ್ಪಿದ ಮನೆಗಳು

ಮೊದಲಲ್ಲಿ ಹೇಳಿದ ನ್ಯೂಜಿಲೆಂಡಿನ ಕಥೆಗೆ ಈಗ ಬರಬಹುದು. ಅಲ್ಲಿ ಬೆಳೆಯುವುದು ರೇಡಿಯಾಟಾ ಪೈನ್. ಇದರ ತವರು ಕ್ಯಾಲಿಫೋರ್ನಿಯದ ಕರಾವಳಿಯ ಮೂರು ಸಣ್ಣ ತಾಣಗಳು ಮತ್ತು ಮೆಕ್ಸಿಕೊದ ಎರಡು ದ್ವೀಪಗಳು. ತವರಿನಲ್ಲಿ ಯಾರಿಗೂ ಬೇಡವಾದ ಹಿತ್ತಲ ಗಿಡ ನ್ಯೂಜಿಲೆಂಡಿನಲ್ಲಿ ಮದ್ದಾಯಿತು. ಅಲ್ಲಿಯ ನೆಡುತೋಪುಗಳಲ್ಲಿ ನೂರಕ್ಕೆ ಸುಮಾರು ತೊಂಬತ್ತು ಪಾಲು ಇದೇ ಮರ. ಇಪ್ಪತ್ತೈದು ಮೂವತ್ತು ವರ್ಷಗಳಲ್ಲಿ ಕಡಿತಕ್ಕೆ ಸಿದ್ಧ. ಇಷ್ಟು ಬೇಗ ಬೆಳೆದ ಮರದಲ್ಲಿ ಕೆಚ್ಚು ಕಡಮೆಯೆಂಬುದನ್ನು ಬಲ್ಲ ಹಿಂದಿನವರು ಮನೆಯ ಚೌಕಟ್ಟಿನ ಮರವನ್ನು ಸಂಸ್ಕರಿಸಿಯೇ ಬಳಸುತ್ತಿದ್ದರು.

1990ರ ದಶಕದ ಮಧ್ಯದಲ್ಲಿ ನಿಯಮಗಳು ಸಡಿಲವಾದವು. ಒಲೆಯಲ್ಲಿ ಒಣಗಿಸಿದರೆ ಸಾಕು, ಮದ್ದು ಬೇಡ ಎಂದಾಯಿತು. ಅದೇ ಕಾಲಕ್ಕೆ ಹೊಸ ಫ್ಯಾಶನ್ನಿನ ಮನೆಗಳೂ ಬಂದವು: ಚಪ್ಪಟೆ ಮಾಡು, ಸೂರಿನ ಚಾಚು ಇಲ್ಲ, ಸಿಮೆಂಟಿನ ಗಿಲಾವಿನಂತೆ ಕಾಣುವ ತೆಳು ಹೊದಿಕೆ. ಹೊದಿಕೆಯ ಕೂದಲೆಳೆಯಷ್ಟು ಬಿರುಕಿನಿಂದ ಒಳಗಿಳಿದ ಮಳೆನೀರಿಗೆ ಹೊರಹೋಗುವ ದಾರಿಯಿರಲಿಲ್ಲ, ಆರಲು ಗಾಳಿಯಿರಲಿಲ್ಲ. ಹೊರಗೆ ನೋಡಿದರೆ ಹೊಳೆಯುವ ಮನೆ, ಒಳಗಿನ ಕಂಬ ಕೈಗೆ ಹತ್ತಿದರೆ ಪುಡಿ. 2009ರ ಒಂದು ಅಂದಾಜಿನಂತೆ ಹೀಗೆ ಕೆಟ್ಟ ಮನೆಗಳು ಸುಮಾರು 42,000. ದುರಸ್ತಿಯ ವೆಚ್ಚ 11.3 ಶತಕೋಟಿ ನ್ಯೂಜಿಲೆಂಡ್ ಡಾಲರು. ಜೀವಮಾನದ ಉಳಿತಾಯವನ್ನೆಲ್ಲ ಸುರಿದು ಮನೆ ಕೊಂಡವರ ಬವಣೆಯನ್ನು ಈ ಅಂಕಿಗಳು ಹೇಳಲಾರವು. ಫ್ಲ್ಯಾಟಿಗಾಗಿ ಇಪ್ಪತ್ತು ವರ್ಷ ಸಾಲದ ಕಂತು ಕಟ್ಟುವ ನಮ್ಮ ನಗರದ ಕುಟುಂಬಗಳು ಅದನ್ನು ಊಹಿಸಿಕೊಳ್ಳಬಲ್ಲವು. 2004ರಿಂದ ಚೌಕಟ್ಟಿನ ಮರವನ್ನು ಸಂಸ್ಕರಿಸಲೇಬೇಕೆಂಬ ನಿಯಮ ಮರಳಿ ಬಂತು.

ಇಲ್ಲಿ ತಪ್ಪಿದ್ದು ಯಾವುದು? ನಾರ್ವೆಯ ಬಡಗಿ ಪಾಲಿಸಿದ ಎಲ್ಲ ಸೂತ್ರಗಳೂ ತಪ್ಪಿದ್ದವು. ಕೆಚ್ಚಿಲ್ಲದ ಮರ, ಮದ್ದಿಲ್ಲದ ಮೈ, ಸೂರಿಲ್ಲದ ಗೋಡೆ, ಕಣ್ಣಿಗೆ ಕಾಣದಂತೆ ಮುಚ್ಚಿಟ್ಟ ಚೌಕಟ್ಟು. ಒಂದು ಸೂತ್ರ ತಪ್ಪಿದ್ದರೆ ಇನ್ನೊಂದು ಕಾಯುತ್ತಿತ್ತೋ ಏನೋ. ಎಲ್ಲವನ್ನೂ ಒಮ್ಮೆಲೇ ಕೈಬಿಟ್ಟದ್ದರಿಂದ ಮನೆ ಬಿತ್ತು.

ಮತ್ತೆ ಮರದತ್ತ

ಇದರಿಂದ ಮರದ ಮೇಲೆ ವಿಶ್ವಾಸ ಕಳೆದುಕೊಳ್ಳಬೇಕಾಗಿಲ್ಲ. ಅದೇ ನ್ಯೂಜಿಲೆಂಡಿನ ನೆಲ್ಸನ್ ಪಟ್ಟಣದಲ್ಲಿ 2011ರಲ್ಲಿ ಮುಗಿದ ಮೂರಂತಸ್ತಿನ ಕಾಲೇಜು ಕಟ್ಟಡವೊಂದರ ಚೌಕಟ್ಟು ಇದೇ ರೇಡಿಯಾಟಾ ಪೈನಿನದು. ಮರವನ್ನು ತೆಳು ಹಾಳೆಗಳಾಗಿ ಸುಲಿದು, ಅಂಟಿನಿಂದ ಒತ್ತಿ ತೊಲೆಗಳಾಗಿ ಮಾಡಿ, ಉಕ್ಕಿನ ಸರಳುಗಳಿಂದ ಬಿಗಿದಿದ್ದಾರೆ. ಭೂಕಂಪವಾದರೆ ಗೋಡೆ ತೂಗಿ ಮತ್ತೆ ಸ್ವಸ್ಥಾನಕ್ಕೆ ಬರಬೇಕೆಂಬುದು ಅದರ ಲೆಕ್ಕಾಚಾರ. ಹಲಗೆಗಳನ್ನು ಅಂಟಿಸಿ ದಪ್ಪ ತೊಲೆ ಮಾಡುವ ಕಲೆಗೆ ಜರ್ಮನಿಯ ಆಟೊ ಹೆಟ್ಸರ್ 1906ರಲ್ಲಿಯೇ ಪೇಟೆಂಟ್ ಪಡೆದಿದ್ದ. ಅದರ ಬಲದಿಂದ ನಾರ್ವೆಯ ಬ್ರುಮುಂಡಾಲ್‌ನಲ್ಲಿ 2019ರಲ್ಲಿ 18 ಅಂತಸ್ತಿನ, 85.4 ಮೀಟರ್ ಎತ್ತರದ ಮರದ ಗೋಪುರವೇ ಎದ್ದಿತು. ಅಲ್ಲಿ ಬಳಸಿದ್ದು ಹೆಚ್ಚಾಗಿ ಪೈನಿನ ದಾಯಾದಿಯಾದ ಸ್ಪ್ರೂಸ್. ಬೆಂಕಿಯ ಭಯ ಸಹಜವೇ. ಆದರೆ ದಪ್ಪ ತೊಲೆ ಸುಡುವಾಗ ಮೇಲೆ ಇದ್ದಿಲಿನ ಪದರ ಕಟ್ಟಿ ಒಳಗಿನ ಮರವನ್ನು ಕಾಯುತ್ತದೆ. ನಿಮಿಷಕ್ಕೆ ಸುಮಾರು 0.7 ಮಿಲಿಮೀಟರಿನಂತೆ ಮಾತ್ರ ಅದು ಸವೆಯುವುದರಿಂದ ಜನ ಹೊರಬರಲು ಎಷ್ಟು ಹೊತ್ತು ಸಿಗುವುದೆಂದು ಮೊದಲೇ ಲೆಕ್ಕ ಹಾಕಬಹುದು.

ನಮ್ಮ ದೇಶದಲ್ಲಿಯೂ ಗಾಳಿ ತಿರುಗಿದೆ. ಕಾಡು ಉಳಿಸುವ ಉದ್ದೇಶದಿಂದ ಕೇಂದ್ರ ಲೋಕೋಪಯೋಗಿ ಇಲಾಖೆ ತನ್ನ ಕಟ್ಟಡಗಳಲ್ಲಿ ಮರದ ಬಳಕೆಗೆ 1993ರಲ್ಲಿ ಹಾಕಿದ್ದ ನಿಷೇಧವನ್ನು 2020ರಲ್ಲಿ ತೆಗೆದುಹಾಕಿತು. ನೆಟ್ಟು ಬೆಳೆಸಿದ ಮರವನ್ನು ಬಳಸುವುದು ಸಿಮೆಂಟು ಉಕ್ಕುಗಳಿಗಿಂತ ಪರಿಸರಕ್ಕೆ ಹಿತವೆಂಬ ಅರಿವು ಇದಕ್ಕೆ ಕಾರಣ. ಗುಜರಾತಿನ ಕಾಂಡ್ಲಾ ಬಂದರಿನ ಮೂಲಕ ಬರುವ ಪೈನ್ ದಿಮ್ಮಿಗಳು ಈಗ ನಮ್ಮ ನಗರಗಳ ಮನೆಗಳಲ್ಲಿ ಕಿಟಕಿಯಾಗಿ, ಬಾಗಿಲಾಗಿ, ಮಂಚವಾಗಿ ನೆಲಸುತ್ತಿವೆ. ಕೊಳ್ಳುವವರು ಅಂಗಡಿಯಲ್ಲಿ ಕೇಳುವುದು ಬೆಲೆಯನ್ನು. ಕೇಳಬೇಕಾದ ಪ್ರಶ್ನೆಗಳು ಇನ್ನೂ ಕೆಲವು ಇವೆ: ಮರ ಚೆನ್ನಾಗಿ ಒಣಗಿದೆಯೇ, ಸಂಸ್ಕರಿಸಿದೆಯೇ, ಯಾವ ಮದ್ದಿನಿಂದ? ಕಿಟಕಿಯ ಮೇಲೆ ಸಜ್ಜೆ ಇದೆಯೇ? ನೆಲ ಒರೆಸಿದ ನೀರು ಚೌಕಟ್ಟಿನ ಬುಡದಲ್ಲಿ ನಿಲ್ಲುವುದೇ? ಮರದೊಳಗಿನ ತೇವ ನೂರಕ್ಕೆ ಇಪ್ಪತ್ತು ಪಾಲು ಮೀರದಿದ್ದರೆ ಬೂಷ್ಟು ಹಿಡಿಯದು ಎಂಬುದು ವಿಜ್ಞಾನಿಗಳ ಮಾತು. ಅದನ್ನೇ ಹಳಬರು ಬೇರೆ ರೀತಿಯಲ್ಲಿ ಆಚರಿಸಿದರು: ಮರದ ಕಾಲು ಒಣಗಿರಬೇಕು, ತಲೆಯ ಮೇಲೆ ಸೂರಿರಬೇಕು.

ಒಂದು ಸಂಗತಿ ಹೇಳಿ ಮುಗಿಸಬಹುದು. ನಾರ್ವೆಯ ಬರ್ಗೆನ್ ನಗರದ ಬಳಿಯಿದ್ದ ಫಾಂಟೊಫ್ಟ್ ಇಗರ್ಜಿಗೆ 1992ರ ಜೂನ್ 6ರಂದು ಕಿಡಿಗೇಡಿಗಳು ಬೆಂಕಿ ಇಟ್ಟರು. ಸುಮಾರು 1150ರಲ್ಲಿ ಕಟ್ಟಿದ್ದು ಒಂದೇ ಬೆಳಗಿನಲ್ಲಿ ಬೂದಿಯಾಯಿತು. ಅದನ್ನು ಮತ್ತೆ ಕಟ್ಟಲು ಹೊರಟಾಗ ಬಡಗಿಗಳು ಹಳೆಯ ಪೈನ್ ಮರಗಳನ್ನು ಹುಡುಕಿ ಆರಿಸಬೇಕಾಯಿತು, ಹಳೆಯ ಕ್ರಮದಲ್ಲಿ ಬಂಧ ಕೂಡಿಸುವುದನ್ನು ಕೈಯಾರೆ ಕಲಿಯಬೇಕಾಯಿತು. 1997ರಲ್ಲಿ ಕಟ್ಟಡ ಪೂರ್ಣಗೊಂಡಿತು. ಅನಂತರ 2001ರಿಂದ 2015ರವರೆಗೆ ಸರಕಾರವೇ ಉಳಿದ 28 ಇಗರ್ಜಿಗಳ ದುರಸ್ತಿಯ ಯೋಜನೆಯನ್ನು ನಡೆಸಿತು. ಆಗ ಒಳ್ಳೆಯ ಡಾಂಬರು ಇಳಿಸುವ, ಚಕ್ಕೆ ಸೀಳುವ ವಿದ್ಯೆಗಳಿಗೂ ಮರುಜೀವ ಬಂತು.

ಫಾಂಟೊಫ್ಟಿನಲ್ಲಿ ಇಂದು ನಿಂತಿರುವ ಮರ ಹನ್ನೆರಡನೆಯ ಶತಮಾನದ್ದಲ್ಲ. ಅದನ್ನು ಜೋಡಿಸಿದ ವಿದ್ಯೆ ಆ ಕಾಲದ್ದು. ಸುಟ್ಟ ಮರದ ಜಾಗಕ್ಕೆ ಬೇರೆ ಮರ ಕಾಡಿನಲ್ಲಿ ಸಿಕ್ಕಿತು. ವಿದ್ಯೆ ಕೈತಪ್ಪಿದ್ದರೆ ಅದನ್ನು ಯಾವ ಕಾಡಿನಿಂದ ತರಬೇಕಾಗಿತ್ತು? ನಮ್ಮ ಊರುಗಳ ತೊಟ್ಟಿಮನೆಗಳ ಬೋದಿಗೆ, ಕಂಬ, ಜಂತಿಗಳು ಒಂದೊಂದಾಗಿ ಹಳೆಯ ಸಾಮಾನಿನ ಅಂಗಡಿ ಸೇರುತ್ತಿರುವ ಈ ದಿನಗಳಲ್ಲಿ, ಅವುಗಳನ್ನು ಕೂಡಿಸಬಲ್ಲ ಬಡಗಿಗಳು ಎಷ್ಟು ಮಂದಿ ಉಳಿದಿದ್ದಾರೆಂದು ನಾವೂ ಲೆಕ್ಕ ಹಾಕುವುದು ಒಳ್ಳೆಯದು.